ಸೀಲ್ ಬದಲಿಸುವ ಮೊದಲು ಬ್ರೀದರ್ ನೋಡಿ

ಹಳೇ ಜಿಪ್ಸಿ ಅಥವಾ ಜೀಪಿನ ಹಿಂದಿನ ಬ್ರೇಕ್ ಡ್ರಮ್ ಬಿಚ್ಚಿದಾಗ ಲೈನರ್ ಮೇಲೆಲ್ಲ ಗೇರ್ ಆಯಿಲ್ ಕಂಡರೆ ಗ್ಯಾರೇಜಿನಲ್ಲಿ ಮೊದಲು ಬರುವ ಮಾತು, 'ಸೀಲ್ ಹೋಗಿದೆ'. ಹೊಸ ಸೀಲ್ ಹಾಕಿಸಿದ ಮೇಲೂ ಕೆಲವೇ ತಿಂಗಳಲ್ಲಿ ಮತ್ತೆ ಜಿನುಗಿದರೆ ಸೀಲನ್ನು ಬೈಯಬೇಡಿ. ಎರಡು ಚಕ್ರಗಳ ನಡುವಿನ ಆಕ್ಸಲ್ ಹೌಸಿಂಗ್ ಮೇಲೆ ಕೆಸರಿನಲ್ಲಿ ಹುದುಗಿರುವ ಬ್ರೀದರ್, ಅಂದರೆ ಒಳಗಿನ ಗಾಳಿ ಹೊರಹೋಗಲು ಇರುವ ಸಣ್ಣ ಮುಚ್ಚಳದ ಕಿಂಡಿ, ಕಟ್ಟಿಕೊಂಡಿರಬಹುದು.

ಗಾಡಿ ಓಡುತ್ತಾ ಆಕ್ಸಲ್ ಒಳಗಿನ ಗೇರುಗಳಾದ ಕ್ರೌನ್ ಪಿನಿಯನ್ ಬಿಸಿಯಾದಂತೆ ಹೌಸಿಂಗ್ ಒಳಗಿನ ಗಾಳಿ ಹಿಗ್ಗುತ್ತದೆ. 27 ಡಿಗ್ರಿಯಿಂದ 87 ಡಿಗ್ರಿಗೆ ಏರಿದರೆ, ಹೊರಹೋಗಲು ದಾರಿಯಿಲ್ಲದ ಗಾಳಿ ಸುಮಾರು 3 ಪಿಎಸ್‌ಐ ಒತ್ತಡ ಕಟ್ಟುತ್ತದೆ. ಆಯಿಲ್ ಸೀಲಿನ ತುಟಿ ಎಣ್ಣೆ ತಡೆಯಲು ಇರುವುದು, ಒತ್ತಡ ತಡೆಯಲು ಅಲ್ಲ. ಎಣ್ಣೆ ಪಿನಿಯನ್ ಸೀಲಿನಲ್ಲೋ ಚಕ್ರದ ಕಡೆಯೋ ದಾರಿ ಹುಡುಕುತ್ತದೆ. ಜಿಪ್ಸಿಯ ಮುಂದಿನ ಆಕ್ಸಲಿನಲ್ಲಾದರೆ ಒಳಗಿನ ಸೀಲ್ ದಾಟಿ, ಚಕ್ರ ತಿರುಗಿಸುವ ಸ್ಟೀರಿಂಗ್ ನಕಲ್ (knuckle) ಒಳಗೆ ಇಳಿದು ಅಲ್ಲಿರುವ ಗ್ರೀಸನ್ನು ಗಂಜಿಯಂತೆ ತೆಳು ಮಾಡುತ್ತದೆ.

ಹಳ್ಳ ದಾಟುವಾಗ ಆಗುವುದು ಇದರ ತಿರುವುಮುರುವು. ಬಿಸಿ ಹೌಸಿಂಗ್ ತಣ್ಣೀರಿಗೆ ಇಳಿದ ಕೂಡಲೇ ಗಾಳಿ ಕುಗ್ಗಿ ಒಳಗೆ ಎಳೆತ ಶುರು. ಬ್ರೀದರ್ ನೀರಿನಡಿ ಇದ್ದರೆ ಅಲ್ಲಿಂದ, ಕಟ್ಟಿದ್ದರೆ ಸೀಲಿನಿಂದ ನೀರು ಹೊಕ್ಕುತ್ತದೆ. ಹಾಗಾಗಿ ಮಲೆನಾಡು, ಕೊಡಗಿನ ತೋಟದ ಗಾಡಿಗಳಿಗೆ ಈ ಕೆಲಸ ಮುಂಗಾರಿಗೆ ಮೊದಲೇ ಮುಗಿದಿರಬೇಕು.

ಬ್ರೀದರ್ ಬಿಚ್ಚುವ ಮೊದಲು ಸುತ್ತಲಿನ ಕೆಸರನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ, ಏರ್ ಹೊಡೆದು ತೆಗೆಯಿರಿ. ಇಲ್ಲವಾದರೆ ಆ ಮಣ್ಣೆಲ್ಲ ತೂತಿನ ಮೂಲಕ ನೇರ ಕ್ರೌನಿಗೆ. ಥ್ರೆಡ್ ಇರುವುದಾದರೆ ರಿಂಗ್ ಸ್ಪ್ಯಾನರಿನಲ್ಲಿ ಬಿಚ್ಚಿ ಡೀಸೆಲಿನಲ್ಲಿ ನೆನೆಸಿ, ಒಣಗಿಸಿ ಊದಿ ನೋಡಿ. ಒಳಗಿನಿಂದ ಹೊರಕ್ಕೆ ಗಾಳಿ ಸಲೀಸಾಗಿ ಹೋಗಬೇಕು, ಮುಚ್ಚಳ ಬೆರಳಿಗೆ ಅಲುಗಬೇಕು. ತುಕ್ಕು ಹಿಡಿದು ಅಂಟಿದ್ದರೆ ಹೊಸದು ಹಾಕಿ, ರಿಪೇರಿ ಮಾಡುವಷ್ಟು ದುಬಾರಿ ಸಾಮಾನಲ್ಲ.

ನೀರಿಗೆ ಇಳಿಯುವ ಗಾಡಿಗೆ ಬ್ರೀದರ್ ಬಿಟ್ಟು ಅದೇ ತೂತಿನಿಂದ ಎತ್ತರಕ್ಕೆ ಪೈಪ್ ಎಳೆಯುವುದೇ ಸರಿ. ಬಿಚ್ಚಿದ ಬ್ರೀದರನ್ನು ಹೈಡ್ರಾಲಿಕ್ ಫಿಟಿಂಗ್ ಅಂಗಡಿಗೆ ಒಯ್ದು ಅದೇ ಥ್ರೆಡ್ಡಿನ ಹಿತ್ತಾಳೆ ಹೋಸ್ ನಿಪ್ಪಲ್ ಕೇಳಿ. ಅಂದಾಜಿನಲ್ಲಿ ತಂದು ಬಲವಂತವಾಗಿ ತಿರುಗಿಸಿದರೆ ಹೌಸಿಂಗಿನ ಥ್ರೆಡ್ ಹಾಳು. ಟೆಫ್ಲಾನ್ ಟೇಪ್ ಎರಡು ಸುತ್ತು ಸಾಕು, ಆದರೆ ತುದಿಯ ಮೊದಲ ಎಳೆ ಬಿಟ್ಟು ಸುತ್ತಿ, ಇಲ್ಲದಿದ್ದರೆ ಚೂರು ಒಳಗೆ ಬೀಳುತ್ತದೆ. ಎಣ್ಣೆ ತಡೆಯುವ 6 ಅಥವಾ 8 ಎಂಎಂ ಪೆಟ್ರೋಲ್ ಹೋಸ್ ಬಳಸಿ. ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ಪೈಪ್ ಬೇಡ, ಬಿಸಿಗೆ ಮೆತ್ತಗಾಗಿ ಮಡಚಿಕೊಳ್ಳುತ್ತದೆ.

ಪೈಪ್ ಅಳತೆ ತೆಗೆಯುವಾಗ ಹೆಚ್ಚಿನವರು ಎಡವುತ್ತಾರೆ. ಗಾಡಿ ನೆಲದ ಮೇಲೆ ನಿಂತಿರುವಾಗ ಅಳೆದರೆ, ಗುಂಡಿಯಲ್ಲಿ ಆಕ್ಸಲ್ ಜೋತಾಗ ಪೈಪ್ ಕಿತ್ತು ಬರುತ್ತದೆ. ಚಾಸಿಸ್‌ಗೆ ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರ ಪೂರ್ತಿ ಜೋತುಬಿದ್ದ ಮೇಲೆ ಅಳೆಯಿರಿ. ಅಲ್ಲಿಂದ ಚಾಸಿಸ್‌ಗುಂಟ ಕ್ಲಿಪ್ ಹಾಕುತ್ತಾ ಬಾನೆಟ್ ಒಳಗಿನ ಗೋಡೆಯ ಮೇಲ್ತುದಿಗೆ ತನ್ನಿ. ಸೈಲೆನ್ಸರಿನಿಂದ ದೂರವಿರಲಿ. ಬ್ರೇಕಿನ ರಬ್ಬರ್ ಹೋಸಿಗೆ ಕಟ್ಟಬೇಡಿ. ನಡುವೆ ಎಲ್ಲೂ ಜೋಲು ಬೀಳಬಾರದು. ಜೋಲಿನಲ್ಲಿ ಎಣ್ಣೆ, ನೀರು ನಿಂತರೆ ಬ್ರೀದರ್ ಮತ್ತೆ ಕಟ್ಟಿದಂತೆಯೇ. ತುದಿಯನ್ನು ಕೆಳಮುಖ ಮಾಡಿ ಸಣ್ಣ ಪೆಟ್ರೋಲ್ ಫಿಲ್ಟರ್ ಸಿಕ್ಕಿಸಿ. ಮುಂದಿನ, ಹಿಂದಿನ ಆಕ್ಸಲಿನ ಎರಡು ಪೈಪನ್ನೂ 'T' ಆಕಾರದ ಜೋಡಣೆ ಹಾಕಿ ಒಂದೇ ಪೈಪಿಗೆ ಸೇರಿಸಬಹುದು, ಆದರೆ ಬೇರೆ ಬೇರೆ ಇಟ್ಟರೆ ಯಾವುದರಿಂದ ಎಣ್ಣೆ ಉಗುಳುತ್ತಿದೆ ಎಂದು ಫಿಲ್ಟರ್ ನೋಡಿಯೇ ತಿಳಿಯುತ್ತದೆ. ಉಗುಳುತ್ತಿದ್ದರೆ ಮೊದಲು ಎಣ್ಣೆಯ ಮಟ್ಟ ನೋಡಿ, ಜಾಸ್ತಿ ತುಂಬಿಸಿರುವುದೇ ಹೆಚ್ಚು.

ನೀರು ಈಗಾಗಲೇ ಹೊಕ್ಕಿದೆಯೇ? ಗಾಡಿಯನ್ನು ರಾತ್ರಿಯಿಡೀ ಸಮತಟ್ಟಿನಲ್ಲಿ ನಿಲ್ಲಿಸಿ, ಬೆಳಗ್ಗೆ ಡ್ರೈನ್ ಪ್ಲಗ್ಗನ್ನು ಸ್ವಲ್ಪವೇ ಸಡಿಲಿಸಿ. ತಳದಲ್ಲಿ ಕೂತ ನೀರು ಮೊದಲು ತೊಟ್ಟಿಕ್ಕುತ್ತದೆ. ಎಣ್ಣೆ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಪೂರ್ತಿ ತೆಗೆಯಬೇಕು. ಆದರೆ ಅದಕ್ಕೂ ಮೊದಲು ಎಣ್ಣೆ ತುಂಬಿಸುವ ತೂತಿನ ಫಿಲ್ಲರ್ ಪ್ಲಗ್ ಬಿಚ್ಚಿ ಬರುತ್ತದೆಯೇ ಖಾತ್ರಿ ಮಾಡಿಕೊಳ್ಳಿ. ಹಳೇ ಎಣ್ಣೆ ಇಳಿಸಿದ ಮೇಲೆ ಅದು ಜಾಮ್ ಎಂದು ಗೊತ್ತಾದರೆ ಗಾಡಿ ಅಲ್ಲೇ ಕೂರುತ್ತದೆ. 80ಡಬ್ಲ್ಯೂ-90 ಜಿಎಲ್-5 ದರ್ಜೆಯ ಗೇರ್ ಎಣ್ಣೆ ಜಿಪ್ಸಿಯ ಮುಂದಕ್ಕೆ ಸುಮಾರು 2 ಲೀಟರ್, ಹಿಂದಕ್ಕೆ ಒಂದೂವರೆ ಹಿಡಿಯುತ್ತದೆ. ಫಿಲ್ಲರ್ ತೂತಿನ ಕೆಳ ಅಂಚಿಗೆ ಬಂದರೆ ನಿಲ್ಲಿಸಿ. ಸ್ವಲ್ಪ ದೂರ ಓಡಿಸಿ ಮತ್ತೆ ತೆಗೆದು ನೋಡಿ, ಇನ್ನೂ ಬೆಳ್ಳಗಿದ್ದರೆ ಇನ್ನೊಮ್ಮೆ ಬದಲಿಸಬೇಕು.

ಗೇರ್‌ಬಾಕ್ಸ್‌ಗೂ, ಮುಂದಿನ ಹಿಂದಿನ ಆಕ್ಸಲಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿಗೂ ಬ್ರೀದರ್ ಇವೆ. ಗಾಡಿಯ ಕೆಳಗೆ ಮಲಗಿದಾಗಲೇ ಅವನ್ನೂ ಬಿಚ್ಚಿ ಊದಿಬಿಡಿ.