ಅಕ್ಕನ ಹೆಸರೂ ಬರೆಯಬೇಕಾಯಿತು

ದಿವಾಳಿ ಅರ್ಜಿ ಸಲ್ಲಿಸುವುದಕ್ಕೆ ನಮ್ಮ ಕಡೆ ‘ಐಪಿ ಹಾಕುವುದು’ ಎನ್ನುತ್ತಾರೆ. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಸಣ್ಣ ಘಟಕ ನಡೆಸುತ್ತಿದ್ದ ನಾನು, ಗೂಡಿನ ದರ ಏರಿ ನೂಲಿನ ದರ ಇಳಿದ ದಿನಗಳಲ್ಲಿ ಸಾಲದ ಮೇಲೆ ಸಾಲ ಮಾಡಿ, ಕೊನೆಗೆ ನ್ಯಾಯಾಲಯದ ಡಿಕ್ರಿಯೊಂದರ ವಸೂಲಿಗೆ ಜಪ್ತಿ ಆದೇಶ ಬಂದಾಗ, ಚಿಕ್ಕಬಳ್ಳಾಪುರದ ವಕೀಲರೊಬ್ಬರ ಎದುರು ಹೋಗಿ ಕುಳಿತೆ.

2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂದಿದ್ದರೂ ಅದರಲ್ಲಿ ವ್ಯಕ್ತಿಗಳ ಕುರಿತ ಭಾಗ ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗಷ್ಟೇ ಜಾರಿಯಾಗಿರುವುದರಿಂದ, ನನ್ನಂಥವರಿಗೆ ಇನ್ನೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ ಎಂದು ಅವರು ವಿವರಿಸಿದರು. ತೀರಿಸಲಾಗದ ಸಾಲ 500 ರೂಪಾಯಿ ಮುಟ್ಟಿದ್ದರೆ ಸಾಕು, ಅರ್ಜಿ ಹಾಕಬಹುದಂತೆ. ಇಂದು ಆ ಹಣಕ್ಕೆ ಎರಡು ಕೆ.ಜಿ. ಒಳ್ಳೆಯ ಗೂಡೂ ಬರುವುದಿಲ್ಲ.

ಆಸ್ತಿಯ ಪಟ್ಟಿ ಬೇಗ ಮುಗಿಯಿತು. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಹೆಂಡತಿಯ ತಾಳಿ ಇವುಗಳನ್ನು ಕಾನೂನು ಮುಟ್ಟುವುದಿಲ್ಲ. ಕುಶಲಕರ್ಮಿಯ ಉಪಕರಣಗಳಿಗೂ ರಕ್ಷಣೆಯಿದೆಯೆಂದು ಕೇಳಿ ಆಸೆಪಟ್ಟೆನಾದರೂ, ನನ್ನ ಯಂತ್ರ ಬ್ಯಾಂಕಿಗೆ ಅಡವಾಗಿತ್ತು.

ಸಾಲ ಕೊಟ್ಟವರ ಪಟ್ಟಿಯೇ ಕಷ್ಟದ್ದು. ಪ್ರತಿಯೊಬ್ಬರ ಹೆಸರು, ವಿಳಾಸ, ಮೊತ್ತ ಬರೆಯಬೇಕು. ಬ್ಯಾಂಕು, ಬಡ್ಡಿ ವ್ಯವಹಾರದವರು, ಸೌದೆ ಹಾಕುತ್ತಿದ್ದವರು ಎಲ್ಲ ಆದ ಮೇಲೆ ವಕೀಲರು “ಕೈಸಾಲ ಯಾವುದಾದರೂ ಇದೆಯಾ?” ಎಂದರು. ಬಳೆ ಅಡವಿಟ್ಟು 40,000 ರೂಪಾಯಿ ತಂದುಕೊಟ್ಟಿದ್ದ ಅಕ್ಕನ ಹೆಸರು ನಾಲಿಗೆಯ ತುದಿಯಲ್ಲೇ ಉಳಿಯಿತು.

“ಅದನ್ನು ಮೊದಲೇ ತೀರಿಸಿಬಿಡುತ್ತೇನೆ ಸರ್” ಎಂದೆ.

“ಹಾಗೆ ಮಾಡಬೇಡಿ. ಅರ್ಜಿಗೆ ಮುಂಚಿನ ಮೂರು ತಿಂಗಳಲ್ಲಿ, ಉಳಿದವರನ್ನು ಬಿಟ್ಟು ಒಬ್ಬರಿಗೇ ಅನುಕೂಲವಾಗಲೆಂದು ಕೊಟ್ಟ ಹಣವನ್ನು ನ್ಯಾಯಾಲಯ ರದ್ದುಪಡಿಸಬಹುದು. ಆಗ ನಿಮ್ಮ ಅಕ್ಕನೇ ಅದನ್ನು, ದಿವಾಳಿಯಾದವರ ಆಸ್ತಿ ನೋಡಿಕೊಳ್ಳಲು ನ್ಯಾಯಾಲಯ ನೇಮಿಸುವ ರಿಸೀವರ್‌ಗೆ ವಾಪಸ್ ಕಟ್ಟಬೇಕಾಗುತ್ತದೆ.”

ನನ್ನ ಕೈಯಿಂದಲೇ ಬರೆದೆ. ಅಕ್ಕನ ಹೆಸರನ್ನು ಗಂಡನ ಹೆಸರು, ಮನೆ ನಂಬರುಗಳ ಸಮೇತ ಬರೆದದ್ದು ಅದೇ ಮೊದಲು.

ವಿಚಾರಣೆಯ ದಿನ ಜವಾನ ಹೊರಗೆ ಬಂದು ನನ್ನ ಹೆಸರು ಕೂಗಿದ. ಪ್ರಮಾಣ ಮಾಡಿಸಿ, ಲೆಕ್ಕದ ಪುಸ್ತಕ ತೆರೆಸಿ, ಯಾವ ಸಾಲ ಯಾವುದಕ್ಕೆ ಹೋಯಿತೆಂದು ಒಂದೊಂದಾಗಿ ಕೇಳಿದರು. ಬಡ್ಡಿ ವ್ಯವಹಾರದವರ ವಕೀಲರು ಎದ್ದು, ಹೆಂಡತಿಯ ಹೆಸರಿಗೆ ಸೈಟು ಬರೆದುಕೊಟ್ಟಿದ್ದೀರಾ ಎಂದೂ ಕೇಳಿದರು. ಬರೆದುಕೊಡಲು ಸೈಟೇ ಇರಲಿಲ್ಲ. ಅಂದು ಏನೂ ತೀರ್ಮಾನವಾಗದೆ ಮತ್ತೊಂದು ವಾಯಿದೆ ಬಿತ್ತು. ದಿವಾಳಿಯೆಂದು ಘೋಷಿಸಿದ ಮಾತ್ರಕ್ಕೆ ಸಾಲ ಹರಿಯುವುದಿಲ್ಲ, ಸಾಲದಿಂದ ಬಿಡುಗಡೆ ಬೇಕೆಂದು, ಗೊತ್ತುಪಡಿಸಿದ ಅವಧಿಯೊಳಗೆ ಬೇರೆ ಅರ್ಜಿ ಹಾಕಬೇಕು, ಸರ್ಕಾರಕ್ಕೆ ಕೊಡಬೇಕಾದ ಬಾಕಿ ಆಗಲೂ ಉಳಿಯುತ್ತದೆ ಎಂಬುದನ್ನು ವಕೀಲರು ಮೆಟ್ಟಿಲಿಳಿಯುತ್ತಾ ಮತ್ತೊಮ್ಮೆ ನೆನಪಿಸಿದರು.

ಹೊಂಗೆ ಮರದ ಕೆಳಗೆ ಅಕ್ಕ ನಿಂತಿದ್ದಳು. ಕೋರ್ಟಿನ ಅಮೀನ ಕೊಟ್ಟ ನೋಟಿಸನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟುಕೊಂಡು ಬಂದಿದ್ದಳು.

“ಇದನ್ನ ಇಟ್ಕೋಬೇಕೇನೋ, ಇಲ್ಲಾ ಹರಿದು ಬಿಸಾಕ್ಲಾ?” ಎಂದಳು.

“ಇಟ್ಕೋ ಅಕ್ಕ” ಎಂದೆ.