ಸ್ಪಾನರ್ ಹಿಡಿಯುವ ಮೊದಲು ಗೇಜ್ ಹಿಡಿಯಿರಿ

ಬೆಂಗಳೂರಿನಲ್ಲಿ ಹಳೆಯ ಬ್ರಿಟಿಷ್ ಮೋಟಾರ್‌ಸೈಕಲ್‌ಗಳನ್ನು ರಿಪೇರಿ ಮಾಡುವುದು ನನ್ನ ವೃತ್ತಿ. ಬಿಎಸ್‌ಎ, ಟ್ರಯಂಫ್, ನಾರ್ಟನ್, ಮ್ಯಾಚ್‌ಲೆಸ್ ಗಾಡಿಗಳು ನನ್ನ ಬಳಿಗೆ ಬರುತ್ತವೆ. ಕೆಲವು ತಾತನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬಂದವು. ಇನ್ನು ಕೆಲವು ಗುಜರಿ ಸೇರಿ ಮತ್ತೆ ರಸ್ತೆಗೆ ಇಳಿಯಲು ಕಾದಿರುವವು. ಇವುಗಳ ಮಾಲೀಕರಲ್ಲಿ ಹೆಚ್ಚಿನವರು ಸಣ್ಣಪುಟ್ಟ ಕೆಲಸಗಳನ್ನು ಮನೆಯ ಪೋರ್ಟಿಕೊದಲ್ಲೇ ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಬೇಕು ಕೂಡ, ಏಕೆಂದರೆ ಈ ಗಾಡಿಗಳು ಬಳಸುವವನೇ ನೋಡಿಕೊಳ್ಳಲಿ ಎಂಬ ಎಣಿಕೆಯಿಂದ ತಯಾರಾದವು. ಆದರೆ ನನ್ನ ಕೈಗೆ ಬರುವ ದೋಷಗಳಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳಿಂದಲೇ ಬಂದವು ತೀರಾ ಕಡಿಮೆ. ಇಷ್ಟು ದಶಕಗಳಲ್ಲಿ ಬೇರೆ ಬೇರೆ ಕೈಗಳು ಮಾಡಿದ ರಿಪೇರಿಯನ್ನು ಸರಿಪಡಿಸುವುದರಲ್ಲೇ ನನ್ನ ಹೆಚ್ಚಿನ ಸಮಯ ಹೋಗುತ್ತದೆ. ಆದ್ದರಿಂದ ಯಾವ ಗಾಡಿ ಬಂದರೂ ಏನನ್ನೂ ಬಿಚ್ಚದೆ, ಎಲ್ಲಿ ಏನು ಬದಲಾಗಿದೆ ಎಂದು ಮೊದಲು ಅಳೆದು ನೋಡುತ್ತೇನೆ.

ಬಹುಪಾಲು ಅನಾಹುತ ನಟ್ಟು ಬೋಲ್ಟುಗಳಲ್ಲಿ ನಡೆದಿರುತ್ತದೆ. ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ 1841ರಲ್ಲಿ ರೂಪಿಸಿದ ಥ್ರೆಡ್ಡಿನ, ಅಂದರೆ ಬೋಲ್ಟಿನ ಮೇಲಿನ ಸುರುಳಿ ಎಳೆಯ, ಕೋನ 55 ಡಿಗ್ರಿ. ಅದರ ಸಣ್ಣ ಎಳೆಯ ರೂಪವಾದ ಬಿಎಸ್‌ಎಫ್‌ಗೂ ಅದೇ ಕೋನ. ಆದರೆ ಮೋಟಾರ್‌ಸೈಕಲ್‌ಗಳಲ್ಲಿ ಇವೆರಡರ ಜೊತೆಗೆ 60 ಡಿಗ್ರಿಯ ಸೈಕಲ್ ಥ್ರೆಡ್ ಕೂಡ ಧಾರಾಳವಾಗಿ ಬಳಕೆಯಾಗಿದೆ. ಎಂಜಿನ್ನಿನ ಕೆಳಭಾಗದ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನ ಅಲ್ಯೂಮಿನಿಯಮ್ಮಿನೊಳಗೆ ಕೂರುವ ಸ್ಟಡ್‌ನ (ತಲೆಯಿಲ್ಲದ ಬೋಲ್ಟಿನ) ಒಂದು ತುದಿ ದಪ್ಪ ಎಳೆಯದಾಗಿದ್ದು, ನಟ್ ಕೂರುವ ಇನ್ನೊಂದು ತುದಿ ಸಣ್ಣ ಎಳೆಯದಾಗಿರುವುದು ಸಾಮಾನ್ಯ. ಮೆತ್ತನೆಯ ಲೋಹಕ್ಕೆ ದಪ್ಪ ಎಳೆ ಹೆಚ್ಚು ಹಿಡಿತ ಕೊಡುತ್ತದೆ ಎಂಬುದೇ ಅದಕ್ಕೆ ಕಾರಣ. ಇದನ್ನು ತಿಳಿಯದವರು ಸಿಕ್ಕಿದ ಬೋಲ್ಟನ್ನು ಸಿಕ್ಕಿದ ತೂತಿಗೆ ತಿರುಗಿಸುತ್ತಾರೆ.

ಒಂದು ಉದಾಹರಣೆಯನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. 1/4 ಇಂಚಿನ ಸೈಕಲ್ ಥ್ರೆಡ್ಡಿನಲ್ಲಿ ಒಂದು ಇಂಚಿಗೆ 26 ಎಳೆಗಳಿರುತ್ತವೆ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ 6 ಮಿ.ಮೀ. ಬೋಲ್ಟಿನಲ್ಲಿ ಇಂಚಿಗೆ 25.4 ಎಳೆ. ಎಳೆಗಳು ಹೆಚ್ಚುಕಡಿಮೆ ಒಂದೇ ಆದ್ದರಿಂದ ಬೋಲ್ಟ್ ಬೆರಳಿನಲ್ಲೇ ಸಲೀಸಾಗಿ ಒಳಗೆ ಹೋಗುತ್ತದೆ, ಕೊನೆಯಲ್ಲಿ ಬಿಗಿಯಾದಂತೆಯೂ ಅನ್ನಿಸುತ್ತದೆ. ಆದರೆ ಆ ತೂತು 6.35 ಮಿ.ಮೀ. ವ್ಯಾಸದ್ದು; ಬೋಲ್ಟಿನ ಎಳೆ ತೂತಿನ ಎಳೆಯ ತುದಿಯನ್ನಷ್ಟೇ ಹಿಡಿದಿರುತ್ತದೆ. ಎಂಜಿನ್ನಿನ ನಡುಕಕ್ಕೆ ಬೋಲ್ಟ್ ಸಡಿಲವಾದಾಗ ಮಾಲೀಕರು ಇನ್ನೂ ಜೋರಾಗಿ ಬಿಗಿಯುತ್ತಾರೆ, ಆಗ ತೂತಿನ ಥ್ರೆಡ್ ಪುಡಿಪುಡಿಯಾಗಿ ಬೋಲ್ಟಿನ ಜೊತೆಗೇ ಹೊರಗೆ ಬರುತ್ತದೆ. ಮೊದಲೇ ಥ್ರೆಡ್ ಗೇಜ್ ಮತ್ತು ವರ್ನಿಯರ್ ಹಿಡಿದು ನೋಡಿದ್ದರೆ ಸರಿಯಾದ ಬೋಲ್ಟ್ ಹುಡುಕುವುದರಲ್ಲಿ ಮುಗಿಯುತ್ತಿದ್ದ ಕೆಲಸ, ಈಗ ತೂತನ್ನು ಕೊರೆದು ಹೊಸ ಇನ್ಸರ್ಟ್ ಕೂರಿಸುವ ಮಟ್ಟಕ್ಕೆ ಬಂದಿರುತ್ತದೆ.

ಸ್ಪಾನರ್ ವಿಷಯದಲ್ಲೂ ಇದೇ ಎಚ್ಚರ ಬೇಕು. ವಿಟ್‌ವರ್ತ್ ಸ್ಪಾನರ್ ಮೇಲೆ ಕೊರೆದಿರುವುದು ಬೋಲ್ಟಿನ ವ್ಯಾಸ, ಸ್ಪಾನರ್ ಬಾಯಿಯ ಅಗಲವಲ್ಲ. 1/4 ಎಂದು ಗುರುತಿರುವ ಸ್ಪಾನರ್‌ನ ಬಾಯಿ ಸುಮಾರು 13.3 ಮಿ.ಮೀ. ಇರುತ್ತದೆ. ಅದಕ್ಕೆ ತಕ್ಕ ನಟ್ಟಿಗೆ 13ರ ಸ್ಪಾನರ್ ಕೂರುವುದಿಲ್ಲ, 14ರದು ಕೂತರೂ ಆಡುತ್ತದೆ. ಹಾಗೆ ಆಡುವ ಸ್ಪಾನರ್‌ನಿಂದ ಒತ್ತಿದರೆ ನಟ್ಟಿನ ಮೂಲೆಗಳು ಸವೆದು ಉರುಟಾಗುತ್ತವೆ, ಆಮೇಲೆ ಉಳಿಯುವುದು ಉಳಿ ಮತ್ತು ಸುತ್ತಿಗೆ. ಹಳೆಯ ಕಬ್ಬಿಣದ ಎಂಜಿನ್ನಿನ ಬುಲೆಟ್‌ಗಳಲ್ಲೂ ಬ್ರಿಟಿಷ್ ಥ್ರೆಡ್‌ಗಳೇ ಇರುವುದರಿಂದ ಈ ಸ್ಪಾನರ್‌ಗಳು ನಮ್ಮಲ್ಲಿ ಅಪರೂಪದ ವಸ್ತುವೇನಲ್ಲ. ಗಾಡಿಗೆ ಹೊಳೆಯುವ ಕ್ರೋಮ್ ಮಾಡಿಸುವ ಮೊದಲು ಒಂದು ಒಳ್ಳೆಯ ಸೆಟ್ ಕೊಳ್ಳಿ ಎಂದು ನನ್ನ ಬಳಿ ಬರುವ ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಎರಡನೆಯ ದೊಡ್ಡ ದೂರು, ಬ್ಯಾಟರಿ ಇಲ್ಲದೆಯೇ ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೊದ್ದು. ‘ಬೆಳಿಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತೆ ಸಾರ್, ಸಿಗ್ನಲ್‌ನಲ್ಲಿ ಆಫ್ ಆದ್ರೆ ಮತ್ತೆ ಸ್ಟಾರ್ಟ್ ಆಗೋದೇ ಇಲ್ಲ’ ಎಂದು ಬಿಎಸ್‌ಎ ಬಿ31 ಇಟ್ಟುಕೊಂಡ ನಿವೃತ್ತರೊಬ್ಬರು ನನ್ನ ಬಳಿ ಹೇಳಿಕೊಂಡರು. ಅಷ್ಟರಲ್ಲಿ ಅವರು ಪ್ಲಗ್ ಬದಲಾಯಿಸಿದ್ದರು, ಕಾರ್ಬುರೇಟರ್ ತೊಳೆಸಿದ್ದರು, ಯಾರದೋ ಮಾತು ಕೇಳಿ ಪೆಟ್ರೋಲ್ ಟ್ಯಾಂಕನ್ನೂ ಇಳಿಸಿದ್ದರು. ತಣ್ಣಗಿರುವಾಗ ಓಡುವ ಎಂಜಿನ್ ಬಿಸಿಯಾದಾಗ ಮಾತ್ರ ಕೈಕೊಟ್ಟರೆ ನಾನು ಮೊದಲು ಅನುಮಾನಿಸುವುದು ಲೂಕಾಸ್ ಮ್ಯಾಗ್ನೆಟೊದ ತಿರುಗುವ ಭಾಗವಾದ ಆರ್ಮೇಚರ್ ಒಳಗೆ ಕೂತಿರುವ ಕಂಡೆನ್ಸರನ್ನು, ಅಂದರೆ ಕೆಪಾಸಿಟರನ್ನು. ವಯಸ್ಸಾದಂತೆ ಅದರ ಇನ್ಸುಲೇಶನ್ ಸೋರುತ್ತದೆ, ಬಿಸಿಯಾದಾಗ ಇನ್ನೂ ಹೆಚ್ಚು ಸೋರುತ್ತದೆ. ಬಿ31ರಲ್ಲಿ ಮ್ಯಾಗ್ನೆಟೊ ಇರುವುದು ಸಿಲಿಂಡರ್‌ನ ಬೆನ್ನಿಗೇ ಆದ್ದರಿಂದ, ನಮ್ಮ ಟ್ರಾಫಿಕ್ಕಿನಲ್ಲಿ ಗಾಳಿಯಾಡದೆ ನಿಂತ ಎಂಜಿನ್ನಿನ ಶಾಖವೆಲ್ಲ ಅದಕ್ಕೆ ತಟ್ಟುತ್ತದೆ.

ಮನೆಯಲ್ಲಿ ಇದನ್ನು ಪತ್ತೆ ಮಾಡಲು ದುಬಾರಿ ಉಪಕರಣ ಬೇಕಿಲ್ಲ. ಗಾಡಿ ತಣ್ಣಗಿರುವಾಗ ಒಳ್ಳೆಯ ಪ್ಲಗ್ಗೊಂದನ್ನು ಪ್ಲಗ್ ತೂತಿನಿಂದ ದೂರದಲ್ಲಿ ಹೆಡ್ಡಿಗೆ ತಾಗಿಸಿ, ಕಿಕ್ ಮಾಡಿ ಕಿಡಿಯ ಬಣ್ಣ ಮತ್ತು ಜೋರು ನೋಡಿಕೊಳ್ಳಬೇಕು. ಬಿಸಿಯಾಗಿ ನಿಂತ ಕೂಡಲೇ ಅದೇ ಪ್ಲಗ್ಗಿನಿಂದ ಅದೇ ಪರೀಕ್ಷೆ ಮಾಡಬೇಕು. ಕಿಡಿ ಸಪ್ಪೆಯಾಗಿದ್ದರೆ ಕಾರ್ಬುರೇಟರ್ ತಂಟೆಗೆ ಹೋಗುವ ಅಗತ್ಯವಿಲ್ಲ. ಕಿಡಿಯ ಹೊತ್ತಿಗೆ ತೆರೆದುಕೊಳ್ಳುವ ಪಾಯಿಂಟ್‌ಗಳ ನಡುವೆಯೇ ಜೋರಾಗಿ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಮೇಲಿನ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ. ಕಿಡಿ ಸಪ್ಪೆಯಾಗಿದ್ದೂ ಪಾಯಿಂಟ್‌ಗಳು ಶಾಂತವಾಗಿದ್ದರೆ ಆರ್ಮೇಚರ್‌ನ ತಂತಿ ಸುತ್ತಾದ ವೈಂಡಿಂಗ್ ಕಡೆಗೂ ನೋಡಬೇಕು. ಇದಕ್ಕೂ ಮುಂಚೆ ಪಾಯಿಂಟ್ ಗ್ಯಾಪ್ 0.012 ಇಂಚು, ಅಂದರೆ 0.3 ಮಿ.ಮೀ. ಇದೆಯೇ ಎಂದು ಫೀಲರ್ ಗೇಜ್ ಹಾಕಿ ಖಚಿತಪಡಿಸಿಕೊಳ್ಳಬೇಕು. ಮೇಲೆ ಹೇಳಿದ ಗಾಡಿಯಲ್ಲಿ ಹಳೆಯ ಕಂಡೆನ್ಸರ್ ತೆಗೆದು, ಹೆಚ್ಚು ವೋಲ್ಟೇಜ್ ತಾಳುವ ಈ ಕಾಲದ ಕೆಪಾಸಿಟರ್ ಕೂರಿಸಿದೆ. ಬ್ಯಾಟರಿ ಸತ್ತರೂ ಗಾಡಿಯನ್ನು ಓಡಿಸುವ ಮ್ಯಾಗ್ನೆಟೊವನ್ನು ಕಿತ್ತು ಕಾಯಿಲ್ ಹಾಕಿಸುವವರ ಮಾತನ್ನು ನಾನು ಒಪ್ಪುವುದಿಲ್ಲ.

ಆರ್ಮೇಚರ್ ಹೊರತೆಗೆಯಲೇಬೇಕಾದರೆ, ಕಿಡಿಯ ವಿದ್ಯುತ್ತನ್ನು ಹೊರಗೆ ದಾಟಿಸುವ ಸ್ಲಿಪ್ ರಿಂಗ್ ಹತ್ತಿರ ಇರುವ ಸುರಕ್ಷತಾ ಸ್ಕ್ರೂ, ಪಿಕಪ್ ಮತ್ತು ಅರ್ತ್ ಬ್ರಷ್‌ಗಳನ್ನು ಮೊದಲು ತೆಗೆದಿರಬೇಕು. ಅವಸರದಲ್ಲಿ ಆ ಸ್ಕ್ರೂ ಮರೆತು ಎಳೆದರೆ ಸ್ಲಿಪ್ ರಿಂಗ್‌ನ ಅಂಚು ಸೀಳಿಬಿಡುತ್ತದೆ. ಹೊರತೆಗೆದ ಕೂಡಲೇ ಮ್ಯಾಗ್ನೆಟ್ಟಿನ ಎರಡು ಧ್ರುವಗಳ ನಡುವೆ ಮೃದು ಕಬ್ಬಿಣದ ತುಂಡನ್ನು ಇಡಬೇಕು, ಇಲ್ಲದಿದ್ದರೆ ಅದರ ಶಕ್ತಿ ಕುಂದಬಹುದು.

ಕಾರ್ಬುರೇಟರ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ತೆಳುವಾದ ಗಾಳಿಯಲ್ಲಿ ಎಂಜಿನ್ ಸ್ವಲ್ಪ ಹೆಚ್ಚು ಪೆಟ್ರೋಲ್ ಕುಡಿದಂತಾಗುತ್ತದೆ. ಈಗಿನ ಪೆಟ್ರೋಲಿನಲ್ಲಿರುವ 20 ಶೇಕಡಾ ಎಥನಾಲ್, ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಇದಕ್ಕೆ ವಿರುದ್ಧ ದಿಕ್ಕಿಗೆ ಎಳೆಯುತ್ತದೆ. ಒಂದನ್ನು ಮಾತ್ರ ನೆನೆದು ಏಮಲ್ ಕಾರ್ಬುರೇಟರ್‌ನ ಸೂಜಿಯನ್ನು ಏರಿಳಿಸುವುದಕ್ಕಿಂತ ಮೊದಲು ಪ್ಲಗ್ ತೆಗೆದು ಅದರ ಬಣ್ಣ ನೋಡುವುದು ಒಳ್ಳೆಯದು. ಎಥನಾಲ್ ಅರಗನ್ನು ಕರಗಿಸುತ್ತದೆ, ಆದ್ದರಿಂದ ಅರಗು ಬಳಿದ ಕಾರ್ಕ್ ಭಾಗಗಳು ಗಾಡಿಯಲ್ಲಿ ಉಳಿದಿದ್ದರೆ ಅವನ್ನು ಬದಲಾಯಿಸಲೇಬೇಕು.

ಇನ್ನು ಆಯಿಲ್. ಈ ಎಂಜಿನ್‌ಗಳಲ್ಲಿ ಆಯಿಲ್ ಬೇರೆ ಟ್ಯಾಂಕಿನಲ್ಲಿರುತ್ತದೆ. ಗಾಡಿ ವಾರಗಟ್ಟಲೆ ನಿಂತರೆ ಅದು ಪಂಪಿನ ಮೂಲಕ ಜಿನುಗಿ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಹೊಗೆ ಕಂಡು ರಿಂಗ್ ಹೋಗಿದೆ ಎಂದು ಸಿಲಿಂಡರ್ ಬಿಚ್ಚಿಸಿದವರೂ ಇದ್ದಾರೆ. ಬಹಳ ದಿನ ನಿಂತ ಗಾಡಿಗೆ ಕಿಕ್ ಹೊಡೆಯುವ ಮೊದಲು ಕ್ರ್ಯಾಂಕ್‌ಕೇಸಿನ ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿ ಎಷ್ಟು ಆಯಿಲ್ ಇಳಿದಿದೆ ಎಂದು ಅಳೆಯಬೇಕು. ಎಂಜಿನ್ ಓಡತೊಡಗಿದ ಮೇಲೆ ಟ್ಯಾಂಕಿನ ಮುಚ್ಚಳ ತೆಗೆದು, ರಿಟರ್ನ್ ಪೈಪಿನಿಂದ ಆಯಿಲ್ ಚಿಮ್ಮುತ್ತಿದೆಯೇ ಎಂದು ನೋಡಬೇಕು. ಇಳಿಯುವ ಆಯಿಲನ್ನು ತಡೆಯಲು ಕೆಲವರು ಪೈಪಿನ ನಡುವೆ ಟ್ಯಾಪ್ ಹಾಕಿಸುತ್ತಾರೆ. ಅದನ್ನು ತೆರೆಯಲು ಒಂದು ದಿನ ಮರೆತರೂ ಆಯಿಲ್ ಕಾಣದ ಬಿಗ್ ಎಂಡ್ (ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗ್) ಕೆಲವೇ ಕಿಲೋಮೀಟರಿನಲ್ಲಿ ಹಾಳಾಗುತ್ತದೆ. ಅಂಥ ಟ್ಯಾಪ್ ಇರುವ ಬಿಎಸ್‌ಎ ಬಂದರೆ, ಪಂಪಿನ ಸವೆತವನ್ನೂ ಆಯಿಲನ್ನು ತಡೆಯಬೇಕಾದ ಬಾಲ್ ವಾಲ್ವ್ ಕೂರುವ ಜಾಗವನ್ನೂ ಸರಿಪಡಿಸಿ, ಮಾಲೀಕರಿಗೆ ಕಾರಣ ತಿಳಿಸಿ, ಅವರು ಒಪ್ಪಿದ ಮೇಲೆ ಟ್ಯಾಪನ್ನು ತೆಗೆದು ಪೈಪನ್ನು ಮೊದಲಿನಂತೆ ಜೋಡಿಸಿ ಕೊಡುತ್ತೇನೆ.