ಮೂರು ಪರೀಕ್ಷೆ, ಒಂದು ಪೆನ್ಸಿಲ್ ಪಟ್ಟಿ

ಕಳೆದ ಜುಲೈಯ ಒಂದು ಸೋಮವಾರ. ಬೆಳಿಗ್ಗೆ ಆರೂವರೆಗೇ ಕರೆಂಟು ಹೋಯಿತು. ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ ಕಡೆ ಮಳೆಗಾಲದಲ್ಲಿ ಅದು ಸುದ್ದಿಯೇ ಅಲ್ಲ. ಎಲ್ಲೋ ಒಂದು ಅಡಿಕೆ ಮರ ತಂತಿಯ ಮೇಲೆ ಮಲಗಿರುತ್ತದೆ, ಅಷ್ಟೆ. ಆದರೆ ಅವತ್ತು ಮಗಳ ಸಿಇಟಿ ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ಕೊಡಲಿಕ್ಕೆ, ಕೊನೇ ದಿನ. ಅವಳ ಮೊಬೈಲಿನಲ್ಲಿ 9 ಪರ್ಸೆಂಟ್ ಚಾರ್ಜ್ ಇತ್ತು.

"ಅಪ್ಪ, ಇವತ್ತು ನೀವು ತೋಟಕ್ಕೆ ಇಳಿಯುವುದು ಬೇಡ" ಎಂದಳು.

ಯಾಕೆ ಎಂದು ನಾನು ಕೇಳಲಿಲ್ಲ. ಗೊತ್ತಿತ್ತು. ಮಳೆ ಹಿಡಿಯುವ ಮೊದಲು ಅಡಿಕೆಗೆ ಮದ್ದು ಬಿಡಿಸುತ್ತಿದ್ದಾಗ ಅವಳು ಮನೆಯಲ್ಲಿ ಕೂತು ಯಾವುದೋ ಅರ್ಜಿ ತಿದ್ದುತ್ತಿದ್ದಳು. ಒಟಿಪಿ ಬರುವುದು ನನ್ನ ನಂಬರಿಗೆ. ನಾನು ಇದ್ದದ್ದು ಕೆಳಗಿನ ತೋಟದಲ್ಲಿ. ಅಲ್ಲಿ ರೇಂಜ್ ಇಲ್ಲ. ಸಂಜೆ ಗುಡ್ಡ ಹತ್ತಿ ಬರುವಾಗ ನಾಲ್ಕು ಒಟಿಪಿಗಳು ಟಿಂಗ್ ಟಿಂಗ್ ಎಂದು ಒಟ್ಟಿಗೇ ಬಂದವು. ಎಲ್ಲವೂ ಸತ್ತ ಒಟಿಪಿಗಳು. ಆ ದಿನ ರಾತ್ರಿ ಅವಳು ನನ್ನ ಹತ್ತಿರ ಮಾತಾಡಿರಲಿಲ್ಲ.

ಅವಳಿಗೆ ಬೇಕಾದದ್ದು ಒಂದೇ ಕೋರ್ಸು, ಬಿಎಸ್ಸಿ ಅಗ್ರಿಕಲ್ಚರ್. ಅದಕ್ಕೆ ಮೂರು ಪರೀಕ್ಷೆ ಬರೆದಿದ್ದಾಳೆ. ಕೇರಳದ ಸೀಟು ಬೇಕಾದರೆ ನೀಟ್ ಬೇಕು. ಡಾಕ್ಟರಾಗಲು ಬರೆಯುವ 720 ಅಂಕದ ಅದೇ ನೀಟ್. ಅದು ಸಾಲದು, ಕೇರಳದ ಪ್ರವೇಶ ವ್ಯವಸ್ಥೆಯಾದ ಕೀಮ್‌ಗೆ ಬೇರೆ ಅರ್ಜಿ ಹಾಕಬೇಕು. ಕರ್ನಾಟಕದ ಸೀಟಿಗೆ ಸಿಇಟಿ. ಬೇರೆ ರಾಜ್ಯಗಳ ಐಸಿಎಆರ್ ಸೀಟಿಗೆ, ಅಂದರೆ ಕೇಂದ್ರದ ಕೃಷಿ ಸಂಶೋಧನಾ ಪರಿಷತ್ತಿನ ಪಾಲಿನ ಸೀಟಿಗೆ, ದೇಶಕ್ಕೆಲ್ಲ ಒಂದೇ ಆದ ಸಿಯುಇಟಿ ಪರೀಕ್ಷೆ. ಅಡಿಕೆಗೆ ಕೊಳೆರೋಗ ಯಾಕೆ ಬರುತ್ತದೆ ಎಂದು ಕಲಿಯಲು ಇಷ್ಟೆಲ್ಲ ಬೇಕಾ ಎಂದು ಅವಳ ಅಜ್ಜಿ ಕೇಳಿದ್ದರು. ನನ್ನ ಹತ್ತಿರವೂ ಉತ್ತರ ಇರಲಿಲ್ಲ.

ಸಿಇಟಿಯಲ್ಲಿ ಗಡಿಯಾಚೆ ಇರುವ ನಮ್ಮಂಥವರಿಗೆ ಗಡಿನಾಡು ಕನ್ನಡಿಗರು ಎಂದು ಒಂದು ದಾರಿ ಇದೆ. ನಾವು ಮನೆಯಲ್ಲಿ ಮಾತಾಡುವುದು ತುಳು. ಈ ಮಾತುಕತೆಯೆಲ್ಲ ನಡೆದದ್ದೂ ತುಳುವಿನಲ್ಲೇ. ತುಳು ಆದರೂ ನಡೆಯುತ್ತದೆ, ತೊಂದರೆ ಇಲ್ಲ. ಆದರೆ ಕನ್ನಡ ಗೊತ್ತು ಎಂದು ಪರೀಕ್ಷೆ ಬರೆದು ತೋರಿಸಬೇಕು. 50 ಅಂಕದ್ದು, 12 ಬಂದರೆ ಪಾಸ್, ನಾಲ್ಕನೇ ಕ್ಲಾಸಿನ ಮಟ್ಟದ್ದು. ಹತ್ತು ವರ್ಷ ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗಿ ಅದನ್ನು ಬರೆದು ಬಂದು ನಗಾಡಿದಳು. ನನಗೆ ನಗು ಬರಲಿಲ್ಲ. 1956ರ ನವೆಂಬರ್ ಒಂದಕ್ಕೆ ರಾಜ್ಯಗಳ ನಡುವೆ ಗೆರೆ ಎಳೆದು ನಮ್ಮನ್ನು ಕೇರಳಕ್ಕೆ ಹಾಕಿದವರು ಯಾರೋ. ನಾವು ಇವತ್ತಿಗೂ ಆಚೆಗೊಂದು ಸರ್ಟಿಫಿಕೇಟ್, ಈಚೆಗೊಂದು ಸರ್ಟಿಫಿಕೇಟ್ ಮಾಡಿಸುತ್ತಾ ಇದ್ದೇವೆ. ಗಡಿನಾಡಿನ ಸರ್ಟಿಫಿಕೇಟಿಗಾಗಿ ನಾನು ಒಂದು ಕಚೇರಿಗೆ ನಾಲ್ಕು ಸಲ ಹೋಗಿದ್ದೆ. ಅಲ್ಲಿದ್ದವರಿಗೆ ಕರ್ನಾಟಕದ ನಮೂನೆ ಯಾವುದು ಎಂದೇ ಗೊತ್ತಿರಲಿಲ್ಲ. ಕೊನೆಗೆ ಮಗಳೇ ವಾಟ್ಸಾಪಿನಲ್ಲಿ ಯಾರದೋ ಹಳೇ ಪ್ರತಿ ತರಿಸಿ ಕೊಟ್ಟಳು. ಕೆಲಸ ಆಯಿತು.

ನಾನು ಕಾಲೇಜಿಗೆ ಸೇರಿದ್ದು 1994ರಲ್ಲಿ, ಕಾಸರಗೋಡು ಸರಕಾರಿ ಕಾಲೇಜಿಗೆ, ಪ್ರಿಡಿಗ್ರಿಗೆ, ಅಂದರೆ ಪಿಯುಸಿಯಂಥದ್ದಕ್ಕೆ. ಆಗ ಕಣ್ಣೂರು ವಿಶ್ವವಿದ್ಯಾಲಯ ಹುಟ್ಟಿರಲಿಲ್ಲ. ನಾವು ಕಲ್ಲಿಕೋಟೆ ವಿಶ್ವವಿದ್ಯಾಲಯದ ಕೆಳಗೆ. ಅಪ್ಪನೂ ನಾನೂ ವಿದ್ಯಾನಗರದಲ್ಲಿ ಬಸ್ಸಿಳಿದು, ಕ್ಯೂ ನಿಂತು ಫಾರ್ಮ್ ತಂದು, ಮೇಷ್ಟ್ರ ಹತ್ತಿರ ತುಂಬಿಸಿ ಕೊಟ್ಟೆವು. ಬೋರ್ಡಿನಲ್ಲಿ ಹೆಸರು ಬಂತು, ಸೇರಿದೆ. ಬೇರೆ ಕಾಲೇಜು ಯಾವುದಿದೆ ಎಂದು ಅಪ್ಪನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಮಗಳ ಮೊಬೈಲಿನಲ್ಲಿ ಒಂದು ಗೂಗಲ್ ಶೀಟ್ ಇದೆ. ಮೂರು ಬಣ್ಣ. ಕೊನೇ ದಿನ ಯಾವುದು, ಫೀಸ್ ಎಷ್ಟು, ಯಾವ ಕಾಗದದ ಅಸಲಿ ಕೊಡಬೇಕು, ಎಲ್ಲ ಇದೆ. ಟೆಲಿಗ್ರಾಮ್ ಗುಂಪಿನಿಂದ ಹಿಂದಿನ ವರ್ಷದ ಕಟ್ ಆಫ್ ರ್‍ಯಾಂಕ್ ತೆಗೆದಿದ್ದಾಳೆ. ಇನ್‌ಸ್ಟಾಗ್ರಾಮಿನಲ್ಲಿ ಶಿವಮೊಗ್ಗದ ನವಿಲೆಯ ಕೃಷಿ ಕಾಲೇಜಿನ ಒಬ್ಬಳು ಸೀನಿಯರ್ ಸಿಕ್ಕಿದ್ದಾಳಂತೆ. ಹಾಸ್ಟೆಲಿನಲ್ಲಿ ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆ ಎಂಬುದು ಇವಳಿಗೆ ಗೊತ್ತು. ಕುಚ್ಚಲಕ್ಕಿ ಅನ್ನ ಸಿಗುವುದಿಲ್ಲ ಎಂಬುದೂ ಗೊತ್ತು. "ಪಡನ್ನಕ್ಕಾಡಿನ ಕೃಷಿ ಕಾಲೇಜು ನಮ್ಮ ಜಿಲ್ಲೆಯಲ್ಲೇ ಇದೆ, ಒಮ್ಮೆ ಹೋಗಿ ನೋಡಿ ಬರುವ" ಎಂದು ನಾನು ಮೂರು ಸಲ ಕರೆದಿದ್ದೆ. "ನೋಡಿ ಆಯ್ತು ಅಪ್ಪ, ರೀಲ್ಸಿನಲ್ಲಿ" ಎಂದಳು. ಗೇಟಿನ ಎದುರು ನಿಂತು ನೋಡಿದ ಹಾಗೆ ಆಗುತ್ತದಾ? ನನಗೆ ಹಾಗನಿಸುವುದಿಲ್ಲ. ಆದರೆ ಬಿಸಿನೀರಿನ ವಿಷಯ ಗೇಟಿನ ಎದುರು ನಿಂತರೆ ತಿಳಿಯುವುದೂ ಇಲ್ಲ ಅಲ್ವಾ?

ಹತ್ತು ಗಂಟೆಯಾದರೂ ಕರೆಂಟು ಬರಲಿಲ್ಲ. ಸ್ಕೂಟರಿನಲ್ಲಿ ಪೇಟೆಯ ಅಕ್ಷಯ ಕೇಂದ್ರಕ್ಕೆ ಹೋದೆವು. ಆನ್‌ಲೈನ್ ಅರ್ಜಿ ಹಾಕಿಕೊಡುವ ಕೇರಳದ ಸೇವಾ ಕೇಂದ್ರ ಅದು. 2002ರಲ್ಲಿ ಮಲಪ್ಪುರಂನಲ್ಲಿ ಶುರುವಾದ ಅಕ್ಷಯ ಈಗ ನಮಗೆ ರೇಷನ್ ಅಂಗಡಿಯಷ್ಟೇ ಪರಿಚಯದ ಜಾಗ. ಒಳಗೆ ಒದ್ದೆ ಕೊಡೆಗಳ ರಾಶಿ. ಪ್ಲಾಸ್ಟಿಕ್ ಕವರಿನಲ್ಲಿ ಎಸ್‌ಎಸ್‌ಎಲ್‌ಸಿ ಪುಸ್ತಕ ಹಿಡಿದ ಅಮ್ಮಂದಿರು. ಪ್ಲಸ್ ವನ್, ಅಂದರೆ ಹನ್ನೊಂದನೇ ಕ್ಲಾಸಿನ, ಉಳಿದ ಸೀಟುಗಳ ಸಪ್ಲಿಮೆಂಟರಿ ಅರ್ಜಿಗೆ ಬಂದವರೇ ಜಾಸ್ತಿ.

ನಮ್ಮ ಪಕ್ಕದಲ್ಲಿ ಪೆರ್ಲ ಕಡೆಯ ಒಬ್ಬರು ಅಮ್ಮ, ಮಗನ ಜೊತೆ. ಅವರಿಗೆ ಮಲಯಾಳ ಅಷ್ಟಕ್ಕಷ್ಟೆ. ಕಂಪ್ಯೂಟರ್ ಮುಂದಿದ್ದ ಹುಡುಗಿಗೆ ಕನ್ನಡ ಬಾರದು. ಸ್ಕ್ರೀನಿನಲ್ಲಿ ಇಂಗ್ಲಿಷ್. ಹುಡುಗ ಸುಮ್ನೆ ನೆಲ ನೋಡುತ್ತಿದ್ದ. ಮಗಳು ನಡುವೆ ಬಾಯಿ ಹಾಕಿದಳು. ಅವನಿಗೆ ಬೇಕಾದದ್ದು ಕಾಮರ್ಸ್. ಆದರೆ ಹೇಗೂ ಸಿಗುವುದಿಲ್ಲ ಎಂದು ಬೇಡದ ಒಂದು ಕಾಂಬಿನೇಷನ್ನನ್ನು ಪಟ್ಟಿಯಲ್ಲಿ ಮೇಲೆ ಹಾಕಿಸಿದ್ದ.

"ಹಾಗೆ ಮಾಡ್ಬೇಡ ಮಾರಾಯ" ಎಂದಳು ಮಗಳು. "ಸಿಗುವುದನ್ನು ಮೇಲೆ ಹಾಕುವುದಲ್ಲ, ಬೇಕಾದದ್ದನ್ನು ಮೇಲೆ ಹಾಕುವುದು. ಕಂಪ್ಯೂಟರ್ ಪಟ್ಟಿಯನ್ನು ಮೇಲಿನಿಂದ ಹುಡುಕುತ್ತಾ ಬರ್ತದೆ. ಇಲ್ಲದಿದ್ದರೆ ಕೆಳಗಿನದ್ದಕ್ಕೆ ಇಳೀತದೆ. ದೊಡ್ಡದು ಕೇಳಿದ್ದಕ್ಕೆ ನಿನಗೆ ನಷ್ಟ ಇಲ್ಲ. ಆದರೆ ಮೇಲಿನದ್ದು ಸಿಕ್ಕಿದರೆ ಕೆಳಗಿನದ್ದು ಮತ್ತೆ ಸಿಗುದಿಲ್ಲ."

ಅವರ ಪಟ್ಟಿಯನ್ನು ತಿದ್ದಿಸಿ ಕೊಟ್ಟಳು. ನಾನು ಬೆಂಚಿನಲ್ಲಿ ಕೂತು ಕೇಳುತ್ತಿದ್ದೆ. ನನ್ನ ತಲೆಯಲ್ಲಿಯೂ ಇದ್ದದ್ದು ಆ ಹುಡುಗನ ಲೆಕ್ಕವೇ. ಸಿಗುವುದು ಮೊದಲು, ಬೇಕಾದದ್ದು ಆಮೇಲೆ. ನಾವು ಬದುಕಿದ್ದೇ ಹಾಗೆ.

ಅವಳ ಸರದಿ ಬರುವಾಗ ಗಂಟೆ ಒಂದು. ಚೀಲದಿಂದ ಹಳೇ ರಫ್ ಪುಸ್ತಕ ತೆಗೆದಳು. ಪೆನ್ಸಿಲಿನಲ್ಲಿ ಬರೆದ ಪಟ್ಟಿ. ಶೀಟಿನಲ್ಲಿ ಎಲ್ಲ ಇರುವಾಗ ಇದೆಂತ ಎಂದು ಕೇಳಿದೆ. "ಅದು ಅವರು ಕೇಳುವ ಪಟ್ಟಿ. ಇದು ನನ್ನದು" ಎಂದಳು. ಇಣುಕಿದೆ. ಮೊದಲು ನವಿಲೆ. ಆಮೇಲೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ. ಮೂರನೆಯದ್ದು ಪಡನ್ನಕ್ಕಾಡ್. ನಾಲ್ಕು ಧಾರವಾಡ. ಎರಡು ರಾಜ್ಯಗಳ ಪಾಲಿನ ಸೀಟು ಒಟ್ಟಿಗೆ ಕೇಳುವ ಪೋರ್ಟಲ್ ಎಲ್ಲಿಯೂ ಇಲ್ಲ. ಕರ್ನಾಟಕದ್ದು ಇವತ್ತು ಮುಗಿಯುತ್ತದೆ, ಕೇರಳದ್ದು ಇನ್ನೂ ತೆರೆದೇ ಇಲ್ಲ. ಇಲ್ಲಿ ಸೀಟು ಸಿಕ್ಕಿ ಫೀಸ್ ಕಟ್ಟಿ ಅಸಲಿ ಕೊಟ್ಟ ಮೇಲೆ ಅಲ್ಲಿ ಸಿಕ್ಕಿದರೆ? ಅದಕ್ಕೂ ಪೆನ್ಸಿಲಿನಲ್ಲಿ ಬಾಣ ಹಾಕಿದ್ದಳು. ಪಡನ್ನಕ್ಕಾಡಿನ ಎದುರು ರಬ್ಬರಿನಲ್ಲಿ ಉಜ್ಜಿ ಉಜ್ಜಿ ಕಾಗದ ತೆಳ್ಳಗಾಗಿತ್ತು. ಒಂದು ಎಂದು ಬರೆದದ್ದನ್ನು ಮೂರು ಮಾಡಿದ್ದು ಕಾಣುತ್ತಿತ್ತು.

"ಹತ್ತಿರದ್ದು ಮೂರನೆಯದ್ದಾ?" ಎಂದೆ. ಸುಮ್ಮನಿರಬೇಕಿತ್ತು.

"ಅಲ್ಲಿಗೆ ಸೇರಿದರೆ ಶನಿವಾರ ಶನಿವಾರ ಅಡಿಕೆ ಹೆಕ್ಕಲು ಕರೀತೀರಿ."

ಕಂಪ್ಯೂಟರಿನ ಹುಡುಗಿ ನಕ್ಕಳು. ಅವಳಿಗೆ ತುಳು ಬರುತ್ತದೆ ಎಂದು ಆಗಲೇ ಗೊತ್ತಾದದ್ದು.

ನನ್ನ ಮೊಬೈಲ್ ಟಿಂಗ್ ಎಂದಿತು. ಅಂಕೆಗಳನ್ನು ಓದಿ ಹೇಳಿದೆ. ಮಗಳು ಪಟ್ಟಿಯನ್ನು ಎರಡು ಸಲ ನೋಡಿ ಸೇವ್ ಒತ್ತಿಸಿದಳು. ಪ್ರಿಂಟಿಗೆ ಹತ್ತು ರೂಪಾಯಿ ಹೆಚ್ಚು ಕೊಟ್ಟು ಎರಡು ಪ್ರತಿ ತೆಗೆಸಿದೆ. ಒಂದು ಸಾಕು, ಪಿಡಿಎಫ್ ಇದೆ ಎಂದಳು. ಇರಲಿ ಎಂದೆ.

ವಾಪಸ್ ಬರುವಾಗ ಮಳೆ ಹೊಯ್ಯಿತು. ಒಂದು ಬಸ್ ಸ್ಟ್ಯಾಂಡಿನ ಕೆಳಗೆ ಸ್ಕೂಟರ್ ನಿಲ್ಲಿಸಿದೆವು. ಸ್ವಲ್ಪ ಹೊತ್ತು ಅವಳು ರಸ್ತೆ ನೋಡುತ್ತಿದ್ದಳು. ಆಮೇಲೆ ಕೇಳಿದಳು, "ಅಪ್ಪ, ಶಿವಮೊಗ್ಗಕ್ಕೆ ಇಲ್ಲಿಂದ ಹೇಗೆ ಹೋಗುದು?"

"ಮಂಗಳೂರಿಗೆ ಹೋಗಿ, ಅಲ್ಲಿಂದ ಉಡುಪಿ. ಆಗುಂಬೆ ಘಾಟಿ ಹತ್ತಿದರೆ ತೀರ್ಥಹಳ್ಳಿ, ಮತ್ತೆ ಶಿವಮೊಗ್ಗ. ಮಳೆಗಾಲದಲ್ಲಿ ಘಾಟಿ ಬಂದ್ ಆಗುವುದೂ ಉಂಟು. ಯಾಕೆ, ನಿನ್ನ ಗೂಗಲಿನಲ್ಲಿ ಇಲ್ವಾ?"

"ಉಂಟು" ಎಂದಳು. "ನಿಮ್ಮ ಹತ್ರ ಸುಮ್ನೆ ಕೇಳಿದ್ದು."